ಹೊರಗೆ ಕ್ರೈಸ್ತರು, ಒಳಗೆ? ನಂಬಿಕೆಯಿಲ್ಲದ ಆಚರಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಒಂದು ಸಣ್ಣ ಧರ್ಮಕೇಂದ್ರದಲ್ಲಿ ಭಾನುವಾರದ ಜ್ಞಾನೋಪದೇಶ ತರಗತಿಯನ್ನು ಹಲವು ವರ್ಷ ನಡೆಸಿದ ನನಗೆ ಈ ಪ್ರಶ್ನೆಗಳನ್ನು ಯಾರೂ ತರಗತಿಯ ನಡುವೆ ಎದ್ದು ನಿಂತು ಕೇಳಿದ್ದಿಲ್ಲ. ಎಲ್ಲರೂ ಹೊರಟ ಮೇಲೆ, ಬೆಂಚು ಸರಿಸುವ ನೆಪದಲ್ಲಿ ಹಿಂದೆ ಉಳಿದವರು ಕೇಳಿದವು ಇವು. ನಾನು ದೇವಶಾಸ್ತ್ರಜ್ಞನಲ್ಲ, ಗುರುವೂ (ಪಾದ್ರಿಯೂ) ಅಲ್ಲ. ಓದಿನಿಂದ ಮತ್ತು ಇಂಥ ಮಾತುಕತೆಗಳಿಂದ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಕಾನೂನಿನ ವಿಷಯ ಬಂದಲ್ಲಿ ಕ್ಯಾಥೊಲಿಕ್ ಧರ್ಮಸಭೆಯ ನಿಯಮಗಳನ್ನೇ ಹೆಚ್ಚಾಗಿ ಹೇಳಿದ್ದೇನೆ, ಏಕೆಂದರೆ ನನಗೆ ಬಳಕೆಯಿರುವುದು ಅವೇ.

ತೋರಿಕೆಯ ಕ್ರೈಸ್ತರು ಎಂದು ಯಾರನ್ನು ಕರೆಯಬೇಕು?

ಒಂದೇ ಹೆಸರಿನಡಿ ಮೂರು ನಾಲ್ಕು ಬಗೆಯ ಜನರನ್ನು ಸೇರಿಸಿಬಿಡುವುದರಿಂದಲೇ ಈ ಚರ್ಚೆಯೆಲ್ಲ ಕದಡಿಹೋಗುತ್ತದೆ. ಹುಟ್ಟಿದ ಮನೆಯ ರೂಢಿಯೆಂದು ಹಬ್ಬಕ್ಕೊಮ್ಮೆ ಚರ್ಚಿಗೆ ಬಂದುಹೋಗುವವರನ್ನು ನಾಮಧೇಯ ಕ್ರೈಸ್ತರು ಎನ್ನುತ್ತೇವೆ. ಅವರು ಯಾರನ್ನೂ ವಂಚಿಸುತ್ತಿಲ್ಲ. ನಂಬಬೇಕೆಂಬ ಆಸೆಯಿದ್ದೂ ನಂಬಲಾಗದೆ ತೊಳಲಾಡುವವರು ಬೇರೆ. ನಂಬಿಕೆ ಹೋಗಿಯೇ ಹೋಗಿದೆ ಎಂದು ಸ್ಪಷ್ಟವಾಗಿ ತಿಳಿದಿದ್ದರೂ ಮನೆಯವರ ಮನಸ್ಸು ನೋಯಬಾರದೆಂದು ಮೊಣಕಾಲೂರುವವರು ಇನ್ನೂ ಬೇರೆ. ಚರ್ಚಿನ ಶಾಲೆಯ ಕೆಲಸಕ್ಕೋ ಸಮಿತಿಯ ಕುರ್ಚಿಗೋ ಭಕ್ತಿಯನ್ನು ಬಂಡವಾಳ ಮಾಡಿಕೊಂಡವರು ಕೊನೆಯ ಬಗೆ. ಯೇಸು ಫರಿಸಾಯರೆಂಬ ಕಟ್ಟಾ ಯಹೂದಿ ಪಂಗಡದವರನ್ನು ‘ಕಪಟಿಗಳೇ’ ಎಂದು ಗದರಿಸುವಲ್ಲಿ ಮೂಲ ಗ್ರೀಕಿನಲ್ಲಿರುವ ‘ಹಿಪೊಕ್ರಿತೆಸ್’ ಎಂಬ ಪದಕ್ಕೆ ರಂಗದ ಮೇಲಿನ ನಟ ಎಂಬ ಅರ್ಥವಿತ್ತು. ನಟನೆಯೆಂದ ಮೇಲೆ ಪ್ರೇಕ್ಷಕರು ಬೇಕು, ಅವರಿಂದ ಸಿಗಬೇಕಾದ ಲಾಭವೂ ಒಂದಿರಬೇಕು. ಆದ್ದರಿಂದ ಆ ಪದ ಸಲ್ಲುವುದು ಕೊನೆಯ ಬಗೆಯವರಿಗೇ ಹೊರತು ಮೊದಲಿನ ಮೂವರಿಗಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಚರ್ಚಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಪ್ರತಿ ಭಾನುವಾರ ಬಲಗಡೆಯ ಕೊನೆಯ ಬೆಂಚಿನಲ್ಲಿ, ಗೋಡೆಯ ಪಕ್ಕದಲ್ಲೇ ಅವರು ಕೂರಬೇಕು. ಎಲ್ಲರೊಡನೆ ಎದ್ದುನಿಲ್ಲುತ್ತಿದ್ದರು, ಕೂರುತ್ತಿದ್ದರು, ಕೀರ್ತನೆಗಳನ್ನು ತುಂಬು ಕಂಠದಲ್ಲಿ ಹಾಡುತ್ತಿದ್ದರು. ತಾವು ನಂಬುವುದೇನೆಂದು ಎಲ್ಲರೂ ಕೂಡಿ ಹೇಳುವ ವಿಶ್ವಾಸ ಪ್ರಮಾಣ ಆರಂಭವಾದೊಡನೆ ಮಾತ್ರ ಅವರ ತುಟಿ ಮುಚ್ಚಿಕೊಳ್ಳುತ್ತಿತ್ತು. ಎರಡು ಕೈಯನ್ನೂ ಮುಂದಿನ ಬೆಂಚಿನ ಮೇಲಿಟ್ಟು, ಅದು ಮುಗಿಯುವವರೆಗೆ ತಲೆ ತಗ್ಗಿಸಿ ನಿಂತಿರುತ್ತಿದ್ದರು. ಅವರನ್ನು ಕಪಟಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಷ್ಟವಿಲ್ಲದ ಒಂದು ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಮನಸಾರೆ ಮಾಡುತ್ತಿದ್ದ ಅವರು ನಮ್ಮಲ್ಲಿ ಹಲವರಿಗಿಂತ ಪ್ರಾಮಾಣಿಕರಾಗಿದ್ದರು.

ನನಗೆ ಸಂಶಯಗಳಿವೆ. ಹಾಗಾದರೆ ನಾನು ಮಾಡುವ ಪ್ರಾರ್ಥನೆ ನಾಟಕವೇ?

ಅಲ್ಲ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆ, ತಾನು ನಂಬುತ್ತೇನೆಂದು ಹೇಳಿ ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೆ ನೆರವಾಗಬೇಕೆಂದು ಬೇಡಿಕೊಳ್ಳುತ್ತಾನೆ. ಯೇಸು ಅವನನ್ನು ಹಿಂದಕ್ಕೆ ಕಳಿಸುವುದಿಲ್ಲ, ಮಗನನ್ನು ಗುಣಪಡಿಸುತ್ತಾನೆ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ಆಕೆ ಸುಮಾರು ಐವತ್ತು ವರ್ಷ ದೇವರ ಸಾನ್ನಿಧ್ಯದ ಅನುಭವವೇ ಇಲ್ಲದೆ ಪ್ರಾರ್ಥಿಸುತ್ತಿದ್ದರೆಂಬುದು ಹೊರಬಿತ್ತು. ಆಕೆಯ ನಗುಮುಖ ಬರೀ ತೋರಿಕೆಯಾಗಿತ್ತು ಎಂದು ಕೆಲವರು ಬರೆದರು. ಧರ್ಮಸಭೆ ಮಾತ್ರ ಆ ಪತ್ರಗಳೆಲ್ಲ ಬೆಳಕಿಗೆ ಬಂದ ಮೇಲೆಯೇ, 2016ರಲ್ಲಿ, ಆಕೆಯನ್ನು ಸಂತಳೆಂದು ಸಾರಿತು. ಭಾವನೆ ಒಣಗುವುದೇ ಬೇರೆ, ನಂಬಿಕೆಯನ್ನು ಬಿಡುವುದೇ ಬೇರೆ.

ನಂಬದೆ ತಲೆಬಾಗುವುದರ ಬಗ್ಗೆ ಬೈಬಲ್ ಏನು ಹೇಳುತ್ತದೆ?

ತುಟಿಯಲ್ಲಿ ಮರ್ಯಾದೆ, ಹೃದಯ ಮಾತ್ರ ದೂರ ಎಂದು ಯೆಶಾಯನ 29ನೇ ಅಧ್ಯಾಯದಲ್ಲಿ ಬರುವ ಆಕ್ಷೇಪವನ್ನೇ ಯೇಸು ಮತ್ತೆ ಎತ್ತಿ ಹೇಳುತ್ತಾನೆ. ಇದು ಎಲ್ಲರಿಗೂ ಬಾಯಿಪಾಠವಾಗಿರುವ ಭಾಗ. ಆದರೆ ಎರಡನೆಯ ಅರಸುಗಳ ಗ್ರಂಥದ 5ನೇ ಅಧ್ಯಾಯದಲ್ಲಿರುವ ನಾಮಾನನ ಪ್ರಸಂಗದ ಕೊನೆಯನ್ನು ಪ್ರಸಂಗಪೀಠದಿಂದ ಹೇಳುವವರು ಕಡಿಮೆ. ಕುಷ್ಠದಿಂದ ಗುಣವಾದ ಆ ಸಿರಿಯಾದ ಸೇನಾಪತಿ ಇನ್ನು ಮುಂದೆ ಇಸ್ರಯೇಲಿನ ದೇವರೊಬ್ಬನನ್ನೇ ಆರಾಧಿಸುವೆನೆಂದು ನಿಶ್ಚಯಿಸಿದ ಮೇಲೆ ಪ್ರವಾದಿ ಎಲೀಷನ ಮುಂದೆ ಒಂದು ತೊಡಕನ್ನು ಇಡುತ್ತಾನೆ. ಅರಸನು ರಿಮ್ಮೋನನ ಗುಡಿಗೆ ಹೋಗುವಾಗ ತನ್ನ ಕೈಯ ಆಸರೆ ಹಿಡಿಯುತ್ತಾನೆ, ಅವನು ಬಾಗಿದಾಗ ತಾನೂ ಬಾಗಬೇಕಾಗುತ್ತದೆ, ಅದಕ್ಕೆ ಕ್ಷಮೆ ಸಿಗಲಿ ಎಂಬುದು ಅವನ ಬಿನ್ನಹ. ಎಲೀಷನು ಉಪದೇಶ ಮಾಡುವುದಿಲ್ಲ. ಸಮಾಧಾನದಿಂದ ಹೋಗು ಎಂದಷ್ಟೇ ಹೇಳಿ ಕಳಿಸುತ್ತಾನೆ. ಅಲ್ಲಿ ನಾಮಾನನು ಬಾಗುವುದು ತಾನು ನಂಬದ ಗುಡಿಯಲ್ಲಿ, ಉದ್ಯೋಗದ ಕಟ್ಟಿಗಾಗಿ. ಇಂದು ವಯಸ್ಸಾದ ತಾಯಿಯ ಕೈಹಿಡಿದು ಚರ್ಚಿನ ಮೆಟ್ಟಿಲು ಹತ್ತಿಸುವ, ತಾನು ಏನನ್ನೂ ನಂಬದ ಮಗನಿಗೂ ಆ ಒಂದು ಮಾತು ಸಲ್ಲಬೇಕೆಂದು ನನಗನಿಸುತ್ತದೆ.

ಇದು ಈ ಕಾಲದ ರೋಗವಲ್ಲವೇ? ಹಿಂದಿನವರ ಭಕ್ತಿ ನಿಜವಾದದ್ದಾಗಿತ್ತಲ್ಲವೇ?

ರೋಮಿನ ಚಕ್ರವರ್ತಿಗಳು 313ರಲ್ಲಿ ಈ ಮತಕ್ಕೆ ರಕ್ಷಣೆ ಕೊಟ್ಟು, 380ರಲ್ಲಿ ಅದನ್ನು ಸಾಮ್ರಾಜ್ಯದ ಮತವನ್ನಾಗಿ ಮಾಡಿದಂದಿನಿಂದಲೇ ಕ್ರೈಸ್ತರೆನಿಸಿಕೊಳ್ಳುವುದರಲ್ಲಿ ಲಾಭ ಹುಟ್ಟಿಕೊಂಡಿತು. ಲಾಭವಿದ್ದಲ್ಲಿ ತೋರಿಕೆಯೂ ಇರುತ್ತದೆ. ಇಂಗ್ಲೆಂಡಿನಲ್ಲಿ 1673ರ ಟೆಸ್ಟ್ ಕಾಯಿದೆಯ ಪ್ರಕಾರ ಸರ್ಕಾರಿ ಹುದ್ದೆ ಹಿಡಿಯುವವರು ಅಲ್ಲಿನ ರಾಜ್ಯಚರ್ಚಾದ ಆಂಗ್ಲಿಕನ್ ಚರ್ಚಿನಲ್ಲಿ ಕರ್ತನ ಭೋಜನ ಸ್ವೀಕರಿಸಿದ ಪ್ರಮಾಣಪತ್ರ ತರಬೇಕಿತ್ತು. ಹಾಗಾಗಿ ಬೇರೆ ಸಭೆಗಳಿಗೆ ಸೇರಿದ ಹಲವರು ವರ್ಷಕ್ಕೊಮ್ಮೆ ಆಂಗ್ಲಿಕನ್ ಚರ್ಚಿಗೆ ಹೋಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡು, ಮುಂದಿನ ಭಾನುವಾರ ತಮ್ಮ ಸಭೆಗೇ ಮರಳುತ್ತಿದ್ದರು. 1697ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ಆಗಿದ್ದ ಸರ್ ಹಂಫ್ರಿ ಎಡ್ವಿನ್ ತಮ್ಮ ಅಧಿಕಾರದ ಲಾಂಛನಗಳೊಂದಿಗೇ ಪ್ರತ್ಯೇಕ ಸಭೆಯ ಪ್ರಾರ್ಥನೆಗೆ ಹೋದದ್ದು ದೊಡ್ಡ ರಂಪವಾಯಿತು. ಈ ಬಗೆಯ ‘ಸಾಂದರ್ಭಿಕ ಅನುಸರಣೆ’ಯನ್ನು ತಡೆಯಲೆಂದೇ 1711ರಲ್ಲಿ ಕಾಯಿದೆ ತಂದರು, 1719ರಲ್ಲಿ ಅದನ್ನು ತೆಗೆದರು, ಮೂಲ ಕಾಯಿದೆ ತೊಲಗಿದ್ದು 1828ರಲ್ಲಿ. ಸಂಸ್ಕಾರವನ್ನು ಜಾತಿ ಪ್ರಮಾಣಪತ್ರದಂತೆ ಬಳಸಿದ ಆ ನೂರೈವತ್ತು ವರ್ಷಗಳನ್ನು ನೆನೆದರೆ, ಹಿಂದಿನವರ ಭಕ್ತಿಯ ಬಗ್ಗೆ ನಮಗಿರುವ ಹೆಮ್ಮೆ ಸ್ವಲ್ಪ ಇಳಿಯುತ್ತದೆ.

ಬಲವಂತದಿಂದ ಕ್ರೈಸ್ತರಾಗಿ, ಒಳಗೊಳಗೇ ಹಿಂದಿನ ಮತವನ್ನು ಪಾಲಿಸಿದವರು ಕಪಟಿಗಳಲ್ಲವೇ?

ಕತ್ತಿಯೂ ಬೆಂಕಿಯೂ ಎದುರಿಗಿರುವಾಗ ಬಂದ ‘ಹೌದು’ ಎಂಬ ಮಾತಿನ ಲೆಕ್ಕವನ್ನು, ಹೇಳಿದವರಿಂದಲ್ಲ, ಹೇಳಿಸಿದವರಿಂದ ಕೇಳಬೇಕು. ಸ್ಪೇನಿನಲ್ಲಿ 1391ರ ಗಲಭೆಗಳ ಕಾಲದಲ್ಲಿ ಜೀವ ಉಳಿಸಿಕೊಳ್ಳಲು ಸಾವಿರಾರು ಯಹೂದಿಗಳು ದೀಕ್ಷಾಸ್ನಾನ ಪಡೆದರು. ಅವರ ಮತ್ತು ಅವರ ಮಕ್ಕಳು ಮೊಮ್ಮಕ್ಕಳ ಒಳಮನಸ್ಸನ್ನು ಪತ್ತೆಹಚ್ಚಲು 1478ರಲ್ಲಿ ಇನ್‌ಕ್ವಿಸಿಷನ್ ನ್ಯಾಯಮಂಡಳಿಗೆ ಅನುಮತಿ ದೊರೆಯಿತು. ಮನಸ್ಸು ಕಾಣುವುದಿಲ್ಲವಾದ್ದರಿಂದ ಅದು ಯಹೂದಿ ಕಟ್ಟಳೆಗಳ ಗುರುತಿಗಾಗಿ ಅಡುಗೆಮನೆಯನ್ನು ನೋಡಿತು. ಶುಕ್ರವಾರ ಸಂಜೆ ಒಗೆದ ಬಟ್ಟೆ ಉಟ್ಟವರು ಯಾರು, ಹಂದಿಮಾಂಸವನ್ನು ತಟ್ಟೆಯ ಅಂಚಿಗೆ ಸರಿಸಿದವರು ಯಾರು, ಶನಿವಾರ ಯಾರ ಮನೆಯ ಹೊಗೆಗೂಡಿನಿಂದ ಹೊಗೆ ಏಳಲಿಲ್ಲ ಎಂಬುದನ್ನೆಲ್ಲ ನೆರೆಹೊರೆಯವರು ಬಂದು ತಿಳಿಸಬೇಕಿತ್ತು. ಅದೇ ನಾಡಿನಲ್ಲಿ ಬಲವಂತದಿಂದ ಕ್ರೈಸ್ತರಾದ ಮುಸ್ಲಿಮರಿಗೆ 1504ರಲ್ಲಿ ಉತ್ತರ ಆಫ್ರಿಕದ ಓರಾನ್‌ನ ಮುಫ್ತಿ ಬರೆದ ಅಭಿಪ್ರಾಯಪತ್ರವಂತೂ ಈ ವಿಷಯದಲ್ಲಿ ಓದಲೇಬೇಕಾದದ್ದು: ಚರ್ಚಿನಲ್ಲಿ ಬಾಗಲೇಬೇಕಾಗಿ ಬಂದರೆ ಬಾಗಿ, ಮನಸ್ಸಿನ ಸಂಕಲ್ಪ ಮಾತ್ರ ನಿಮ್ಮ ಪ್ರಾರ್ಥನೆಯ ಕಡೆಗಿರಲಿ ಎಂಬುದು ಅದರ ತಿರುಳು. ಹೀಗೆ ಹೊರಗೊಂದು ಒಳಗೊಂದು ಬಾಳಿದವರ ವಂಶಜರನ್ನು ಕೊನೆಗೂ 1609ರಿಂದ 1614ರ ನಡುವೆ ದೇಶದಿಂದ ಹೊರಹಾಕಲಾಯಿತು.

ಇದು ನಮಗೆ ದೂರದ ಕಥೆಯೂ ಅಲ್ಲ. ಪೋರ್ಚುಗೀಸರು 1560ರಲ್ಲಿ ಗೋವೆಯಲ್ಲಿ ಸ್ಥಾಪಿಸಿದ ಇನ್‌ಕ್ವಿಸಿಷನ್ ನಡುವೆ ಕೆಲವು ವರ್ಷ ನಿಂತದ್ದನ್ನು ಬಿಟ್ಟರೆ 1812ರವರೆಗೂ ನಡೆಯಿತು. 1736ರಲ್ಲಿ ಅದು ಹೊರಡಿಸಿದ ಆಜ್ಞೆ ಮನೆಯಂಗಳದ ತುಳಸಿ ಗಿಡವನ್ನೂ ಧೋತರವನ್ನೂ ಉಪ್ಪು ಹಾಕದೆ ಅನ್ನ ಬೇಯಿಸುವ ಕ್ರಮವನ್ನೂ ನಿಷೇಧಿಸಿತ್ತು. ಉಪ್ಪಿಲ್ಲದ ಅನ್ನದಲ್ಲಿ ಅವಿಶ್ವಾಸವನ್ನು ಕಂಡ ಆಡಳಿತದ ಬಗ್ಗೆ ಏನು ಹೇಳುವುದು! ಗೋವೆಯಿಂದ ಕೆನರಾ ಕರಾವಳಿಗೆ ಬಂದು ನೆಲೆಸಿದ ಕೊಂಕಣಿ ಕ್ಯಾಥೊಲಿಕರ ಮನೆಗಳಲ್ಲಿ ಸೆಪ್ಟೆಂಬರ್ 8ರ ತೆನೆ ಹಬ್ಬ, ಹೊಸ ಅಕ್ಕಿಯ ಊಟ, ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸ್ ಇವೆಲ್ಲ ಇಂದಿಗೂ ಇವೆ. ಇವುಗಳಿಂದ ಯಾರ ಕ್ರೈಸ್ತ ನಂಬಿಕೆಯೂ ತೆಳುವಾಗಲಿಲ್ಲ.

ಬಡವರು ಅಕ್ಕಿಗಾಗಿ, ಕೆಲಸಕ್ಕಾಗಿ ಕ್ರೈಸ್ತರಾದರು ಎಂಬ ಮಾತು ನಿಜವೇ?

ಕೆಲವರ ಮಟ್ಟಿಗೆ ನಿಜವಿರಬಹುದು. ಎಲ್ಲರ ಮಟ್ಟಿಗೆ ಅದು ಸಲೀಸಾದ ಸುಳ್ಳು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ಅವರ ಬಳಿ ಹೆಂಚಿನ ಕಾರ್ಖಾನೆ ಇರಲಿಲ್ಲ. ದೀಕ್ಷಾಸ್ನಾನ ಪಡೆದವರನ್ನು ಜಾತಿಯಿಂದ, ಮನೆಯಿಂದ, ಗೇಣಿಯ ಗದ್ದೆಯಿಂದ ಹೊರಗಿಟ್ಟದ್ದರಿಂದ ಅವರಿಗೊಂದು ಜೀವನೋಪಾಯ ಬೇಕಾಯಿತು; ನೇಯ್ಗೆಯ ಶಾಲೆಗಳೂ, 1865ರಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯೂ ಹುಟ್ಟಿದ್ದರ ಹಿಂದೆ ಈ ಒತ್ತಡವಿತ್ತು. ಅಂದರೆ ಮೊದಲು ಬಂದವರು ಪಡೆದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಕಾರ್ಖಾನೆ ನಿಂತ ಮೇಲೆ ಬಂದವರಲ್ಲಿ ಕೂಲಿಯ ಆಸೆಯೂ ಬೆರೆತಿದ್ದೀತು, ಮಿಷನರಿಗಳೇ ಅದಕ್ಕೆ ಹೆದರಿ ದೀಕ್ಷಾಸ್ನಾನಕ್ಕೆ ಮೊದಲು ದೀರ್ಘ ಉಪದೇಶದ ಕಾಲವಿಟ್ಟು, ನಡತೆ ತಪ್ಪಿದವರನ್ನು ಸಭೆಯಿಂದ ಹೊರಗಿಡುತ್ತಿದ್ದರು.

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಮಂತ್ರಿಪದವಿಗಾಗಿ ಕರ್ತನ ಭೋಜನ ಸ್ವೀಕರಿಸಿದ ಇಂಗ್ಲೆಂಡಿನ ಶ್ರೀಮಂತನನ್ನು ಚರಿತ್ರೆ ‘ವ್ಯವಹಾರಸ್ಥ’ ಎಂದು ಕರೆಯುತ್ತದೆ, ಎರಡು ಹೊತ್ತಿನ ಗಂಜಿಗಾಗಿ ಬಂದನೆಂದು ಶಂಕಿತನಾದ ಕೂಲಿಯವನನ್ನು ‘ಕಪಟಿ’ ಎನ್ನುತ್ತದೆ. ಪ್ರಾಮಾಣಿಕತೆಯ ಪರೀಕ್ಷೆಗೆ ನಾವು ಸಾಲಾಗಿ ನಿಲ್ಲಿಸುವುದು ಯಾವಾಗಲೂ ಬಡವರನ್ನೇ.

ನಂಬಿಕೆಯಿಲ್ಲದ ಗುರು ನೀಡಿದ ದೀಕ್ಷಾಸ್ನಾನ, ಅರ್ಪಿಸಿದ ಬಲಿಪೂಜೆ ಸಿಂಧುವೇ?

ಸಿಂಧು. 303ರಲ್ಲಿ ಆರಂಭವಾದ ಹಿಂಸೆಯ ಕಾಲದಲ್ಲಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿ ಜೀವ ಉಳಿಸಿಕೊಂಡ ಗುರುಗಳು ನೀಡಿದ ಸಂಸ್ಕಾರ ನಡೆಯದು ಎಂದು ಉತ್ತರ ಆಫ್ರಿಕದ ಡೊನಾಟಿಸ್ಟರು ಹಟ ಹಿಡಿದಿದ್ದರು. 314ರಲ್ಲಿ ಆರ್ಲ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ (ಬಿಷಪ್ಪರ) ಸಭೆ ಅದನ್ನು ಒಪ್ಪಲಿಲ್ಲ. ಮುಂದೆ ಸಂತ ಅಗಸ್ಟೀನನು ಸಂಸ್ಕಾರ ಕ್ರಿಸ್ತನದು, ಗುರುವಿನದಲ್ಲ ಎಂದು ವಾದಿಸಿ ಈ ಜಗಳವನ್ನು ಬಗೆಹರಿಸಿದನು. ಗುರುವಿಗೆ ಧರ್ಮಸಭೆ ಮಾಡುವುದನ್ನೇ ಮಾಡುವ ಉದ್ದೇಶವಿದ್ದರೆ ಸಾಕು.

ಆದರೆ ಅಂಥ ಗುರು ಆ ಸ್ಥಾನದಲ್ಲಿ ಉಳಿಯುವುದು ಸರಿಯೇ?

ಸಾಮಾನ್ಯ ಭಕ್ತರಿಗೆ ಇರುವ ಸಡಿಲ ಗುರುಗಳಿಗೆ ಇಲ್ಲವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಅವರು ಇತರರ ಪರವಾಗಿ ಮಾತನಾಡುವವರು. ಫ್ರಾನ್ಸಿನ ಎತ್ರೆಪಿನ್ಯಿ ಎಂಬ ಹಳ್ಳಿಯಲ್ಲಿ 1689ರಿಂದ 1729ರಲ್ಲಿ ಸಾಯುವವರೆಗೆ ಗುರುವಾಗಿದ್ದ ಜಾನ್ ಮೆಲಿಯೆ ನಲವತ್ತು ವರ್ಷ ಪೂಜೆ ಮಾಡಿದ, ಮದುವೆ ಮಾಡಿಸಿದ, ಹೆಣಗಳಿಗೆ ಪ್ರಾರ್ಥನೆ ಹೇಳಿದ. ರೈತರನ್ನು ಹಿಂಸಿಸುತ್ತಿದ್ದ ಊರ ಜಮೀನ್ದಾರನನ್ನು ಪೀಠದಿಂದಲೇ ಎದುರುಹಾಕಿಕೊಂಡು ಮೇಲಿನವರಿಂದ ಬೈಸಿಕೊಂಡದ್ದೂ ಉಂಟು. ಸತ್ತ ಮೇಲೆ ನೋಡಿದರೆ, ದೇವರೇ ಇಲ್ಲವೆಂದು ಸಾಧಿಸುವ ದೊಡ್ಡ ಹಸ್ತಪ್ರತಿಯ ಮೂರು ನಕಲುಗಳನ್ನು ತನ್ನ ಕೈಯಾರೆ ಬರೆದಿಟ್ಟಿದ್ದ. ಬದುಕಿರುವಾಗ ಇದನ್ನು ಹೇಳದೆ ಹೋದದ್ದಕ್ಕೆ ಅದರಲ್ಲಿ ತನ್ನ ಊರಿನವರ ಕ್ಷಮೆ ಕೇಳಿದ್ದ. ಹೇಳಿದ್ದರೆ ಶಿಕ್ಷೆ ತಪ್ಪುತ್ತಿರಲಿಲ್ಲ ಎಂಬುದು ನಿಜ. ಆದರೂ ಮರಣಶಯ್ಯೆಯಲ್ಲಿ ಅವನ ಕೈಯಿಂದ ತೈಲಲೇಪನ ಪಡೆದ ರೈತನನ್ನು ನೆನೆದಾಗ ನನಗೆ ಮೆಲಿಯೆಯ ಮೇಲಿನ ಅನುಕಂಪ ಅರ್ಧಕ್ಕೆ ನಿಂತುಬಿಡುತ್ತದೆ.

ಅವನಂಥ ಭಯವಿಲ್ಲದ ಕಾಲದಲ್ಲಿ ಜನ ಏನು ಮಾಡಿದರೆಂಬುದಕ್ಕೆ ಎರಡು ನಿದರ್ಶನಗಳಿವೆ. ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಹೆನ್ರಿ ಸಿಜ್ವಿಕ್, ಆಂಗ್ಲಿಕನ್ ಸಿದ್ಧಾಂತಕ್ಕೆ ತಾನು ಹಾಕಿದ್ದ ಒಪ್ಪಿಗೆಯ ಸಹಿ ಇನ್ನು ಮನಸ್ಸಿನಿಂದ ಬಂದದ್ದಲ್ಲವೆಂದು 1869ರಲ್ಲಿ ಫೆಲೊ ಸ್ಥಾನವನ್ನೇ ಬಿಟ್ಟರು. ಎರಡು ವರ್ಷದಲ್ಲಿ ವಿಶ್ವವಿದ್ಯಾಲಯಗಳಲ್ಲಿ ಆ ನಿರ್ಬಂಧವನ್ನೇ ಕಾಯಿದೆ ತೆಗೆದುಹಾಕಿತು. ಡೆನ್ಮಾರ್ಕಿನಲ್ಲಿ ಥೋರ್ಕಿಲ್ ಗ್ರೋಸ್‌ಬೋಲ್ ಎಂಬ ಪಾದ್ರಿ ಸೃಷ್ಟಿಕರ್ತನಾದ ದೇವರಲ್ಲಿ ತನಗೆ ನಂಬಿಕೆಯಿಲ್ಲವೆಂದು 2003ರಲ್ಲಿ ಪತ್ರಿಕೆಗೇ ಹೇಳಿದರು. ಅವರನ್ನು 2004ರಲ್ಲಿ ಅಮಾನತುಗೊಳಿಸಿದಾಗ ಅವರ ಸಭೆಯ ಜನರಲ್ಲಿ ಹಲವರು ಅವರ ಪರವಾಗಿಯೇ ನಿಂತರು.

ನಂಬಿಕೆ ಮರಳುವವರೆಗೆ ಚರ್ಚಿಗೆ ಹೋಗುವುದನ್ನು ನಿಲ್ಲಿಸಬೇಕೆ?

ಈ ಪ್ರಶ್ನೆಗೆ ಹಿರಿಯರು ಪರಸ್ಪರ ಒಪ್ಪದ ಉತ್ತರಗಳನ್ನು ಕೊಟ್ಟಿದ್ದಾರೆ. 1738ರಲ್ಲಿ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ, ತನ್ನಲ್ಲೇ ಇಲ್ಲದ ನಂಬಿಕೆಯನ್ನು ಇತರರಿಗೆ ಹೇಗೆ ಸಾರಲಿ, ಉಪದೇಶವನ್ನೇ ಬಿಟ್ಟುಬಿಡಲೇ ಎಂದು ಮೊರೇವಿಯನ್ ಪಂಥದ ಗೆಳೆಯ ಪೀಟರ್ ಬೋಲರನನ್ನು ಕೇಳಿದರು. ನಂಬಿಕೆ ಸಿಗುವವರೆಗೂ ಅದನ್ನೇ ಸಾರು, ಸಿಕ್ಕ ಮೇಲೆ ಸಿಕ್ಕಿದೆಯೆಂದು ಸಾರು ಎಂಬ ಅರ್ಥದ ಉತ್ತರ ಬಂತು. ಅದೇ ವರ್ಷ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ ವೆಸ್ಲಿಯವರ ಹೃದಯಕ್ಕೆ ಆ ಭರವಸೆ ದೊರೆಯಿತು. ಅದಕ್ಕೂ ಹಿಂದೆ ಫ್ರಾನ್ಸಿನ ಚಿಂತಕ ಪ್ಯಾಸ್ಕಲ್ ಕೂಡ, ನಂಬಲಾಗದವನು ನಂಬಿದವರಂತೆಯೇ ತೀರ್ಥ ತೆಗೆದುಕೊಂಡು, ಪೂಜೆಯಲ್ಲಿ ಪಾಲ್ಗೊಂಡು ಆರಂಭಿಸಲಿ ಎಂದಿದ್ದ.

ಕೋಪನ್‌ಹೇಗನ್ನಿನ ತತ್ವಜ್ಞಾನಿ ಕೀರ್ಕೆಗಾರ್ಡ್ ಇದಕ್ಕೆ ನೇರ ವಿರುದ್ಧ. 1854ರ ಕೊನೆಯಿಂದ ಅವನು ಡೆನ್ಮಾರ್ಕಿನ ರಾಜ್ಯಚರ್ಚಿನ ಮೇಲೆ ಲೇಖನಗಳ ಮಳೆಗರೆದು, ಎಲ್ಲರೂ ಹುಟ್ಟಿನಿಂದಲೇ ಕ್ರೈಸ್ತರಾದ ದೇಶದಲ್ಲಿ ಕ್ರೈಸ್ತಧರ್ಮವೇ ಇಲ್ಲವಾಗಿದೆ, ಅಂಥ ಆರಾಧನೆಯಿಂದ ದೂರವಿದ್ದರೆ ಪಾಪದ ಹೊರೆ ಒಂದಾದರೂ ಕಡಿಮೆಯಾಗುತ್ತದೆ ಎಂದು ವಾದಿಸಿದ. ಮರುವರ್ಷ ನವೆಂಬರಿನಲ್ಲಿ ಆಸ್ಪತ್ರೆಯಲ್ಲಿ ಸಾಯುವಾಗ ಸರ್ಕಾರಿ ಸಂಬಳದ ಪಾದ್ರಿಯ ಕೈಯಿಂದ ಕರ್ತನ ಭೋಜನವನ್ನು ಸ್ವೀಕರಿಸಲು ಅವನು ಒಪ್ಪಲಿಲ್ಲ. ನಾನು ಬೋಲರನ ಪಕ್ಷ. ಆದರೆ ವರ್ಷಕ್ಕೊಮ್ಮೆ ಕೀರ್ಕೆಗಾರ್ಡನನ್ನು ಓದಿಕೊಂಡು ಆ ಪಕ್ಷದಲ್ಲಿರುವುದು ಒಳ್ಳೆಯದು.

ಪರಮಪ್ರಸಾದದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ) ಸಾಲಿನಲ್ಲಿ ನಿಲ್ಲದಿದ್ದರೆ ಜನ ಏನಾದರೂ ಅಂದುಕೊಳ್ಳುತ್ತಾರಲ್ಲ?

ಅಂದುಕೊಳ್ಳುತ್ತಾರೆ, ಎರಡು ವಾರದಲ್ಲಿ ಮರೆಯುತ್ತಾರೆ. ಬೆಂಚಿನಲ್ಲೇ ಕುಳಿತು ಪಕ್ಕದವರಿಗೆ ದಾರಿ ಬಿಟ್ಟುಕೊಡಿ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ, ತನ್ನನ್ನು ತಾನು ಪರೀಕ್ಷಿಸಿಕೊಳ್ಳದೆ ಇದನ್ನು ತಿನ್ನಬಾರದೆಂದು ಎಚ್ಚರಿಸುವುದು ಇದೇ ವಿಷಯದಲ್ಲಿ. ಗುರು ‘ಕ್ರಿಸ್ತನ ಶರೀರ’ ಎಂದಾಗ ನೀವು ಹೇಳುವ ‘ಆಮೆನ್’ ನಿಮ್ಮ ಸ್ವಂತ ಮಾತು, ರೂಢಿಯಲ್ಲ.

ನಂಬಿಕೆಯಿಲ್ಲದಿದ್ದರೂ ಮನೆಯವರಿಗಾಗಿ ಚರ್ಚಿನಲ್ಲಿ ಮದುವೆಯಾಗಬಹುದೇ?

ನಂಬಿಕೆ ದುರ್ಬಲವಾಗಿದೆ ಎಂಬ ಕಾರಣಕ್ಕೆ ಮದುವೆ ಅಸಿಂಧುವಾಗುವುದಿಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 1101ನೇ ನಿಯಮದಂತೆ, ಬಾಯಲ್ಲಿ ಒಪ್ಪಿಗೆ ಕೊಡುತ್ತಲೇ ಒಳಗೆ ದಾಂಪತ್ಯವನ್ನೇ ಅಥವಾ ಅದರ ಮೂಲಭೂತ ಅಂಶವೊಂದನ್ನು ಬೇಕೆಂದೇ ತಿರಸ್ಕರಿಸಿದ್ದರೆ ಮಾತ್ರ ಅದು ಮದುವೆಯೇ ಅಲ್ಲ. ನಂಬಿಕೆಯನ್ನು ಊರಿಗೆಲ್ಲ ತಿಳಿಯುವಂತೆ ತ್ಯಜಿಸಿದವರ ಮದುವೆಯನ್ನು ಸ್ಥಳೀಯ ಗುರು ತಾವಾಗಿಯೇ ನಡೆಸುವಂತಿಲ್ಲ, ಧರ್ಮಾಧ್ಯಕ್ಷರ ಕಡೆಯಿಂದ ಅನುಮತಿ ಪಡೆಯಬೇಕು. ಮದುವೆಗೆ ಮೊದಲು ಗುರು ಒಬ್ಬೊಬ್ಬರನ್ನೇ ಕೂರಿಸಿ ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳುತ್ತಾರೆ. ನಿಜ ಹೇಳಲು ಅದೇ ತಕ್ಕ ಜಾಗ. ಒಂದೂ ಮಾತನ್ನು ಮನಸಾರೆ ಹೇಳಲಾರೆ ಎನ್ನುವವರಿಗೆ 1954ರ ವಿಶೇಷ ವಿವಾಹ ಕಾಯಿದೆಯಿದೆ: ಮೂವತ್ತು ದಿನಗಳ ನೋಟಿಸು, ಮೂವರು ಸಾಕ್ಷಿಗಳು.

ನಾನು ಮದುವೆಯಾಗುವ ಹುಡುಗಿ ಕ್ರೈಸ್ತಳಲ್ಲ. ಮದುವೆಗಾಗಿ ದೀಕ್ಷಾಸ್ನಾನ ಪಡೆಯಲಿ ಎಂದು ನಮ್ಮ ಮನೆಯಲ್ಲಿ ಒತ್ತಾಯಿಸುತ್ತಿದ್ದಾರೆ.

ದಯವಿಟ್ಟು ಬೇಡ. ದೀಕ್ಷಾಸ್ನಾನ ಪಡೆಯದವರೊಂದಿಗೆ ಮದುವೆಯಾಗಲು ಕ್ಯಾಥೊಲಿಕರಿಗೆ ಧರ್ಮಾಧ್ಯಕ್ಷರಿಂದ ವಿನಾಯಿತಿ ದೊರೆಯುತ್ತದೆ. ನೀವು ನಿಮ್ಮ ನಂಬಿಕೆಯಲ್ಲಿ ಉಳಿಯುವುದಾಗಿ, ಮಕ್ಕಳನ್ನು ಅದರಲ್ಲಿ ಬೆಳೆಸಲು ಕೈಲಾದಷ್ಟು ಪ್ರಯತ್ನಿಸುವುದಾಗಿ ಮಾತು ಕೊಡಬೇಕು, ಆ ಮಾತು ಆಕೆಗೂ ಗೊತ್ತಿರಬೇಕು. ಈ ದಾರಿ ಇರುವುದನ್ನು ತಿಳಿಸದೆ, ಮೂರು ವಾರದ ಪಾಠ ಮುಗಿಸಿ, ತಲೆಯ ಮೇಲೆ ನೀರು ಸುರಿಸಿ, ಹೊಸ ಹೆಸರಿಟ್ಟು, ಆಲ್ಬಮ್ಮಿಗೆ ಫೋಟೊ ತೆಗೆಸುವ ಮನೆಗಳನ್ನು ನಾನು ಬಲ್ಲೆ. ತೋರಿಕೆಯ ಕ್ರೈಸ್ತರನ್ನು ನಮ್ಮ ಕೈಯಾರೆ ತಯಾರಿಸಿ, ಆಮೇಲೆ ಅವರು ಜಪಸರ ಹಿಡಿಯುವುದಿಲ್ಲವೆಂದು ಅತ್ತೆಯಂದಿರು ಆಡಿಕೊಳ್ಳುವುದು ಅನ್ಯಾಯ.

ತಂಗಿಯ ಮಗುವಿನ ದೀಕ್ಷಾಸ್ನಾನದಲ್ಲಿ ಜ್ಞಾನ ತಂದೆಯಾಗಲು (ಗಾಡ್‌ಫಾದರ್ ಆಗಲು) ಕೇಳಿದ್ದಾರೆ. ಒಪ್ಪಬಹುದೇ?

ಬೇಡ. ಜ್ಞಾನ ತಂದೆ ತಾಯಿಯಾಗುವವರು ಸಾಮಾನ್ಯವಾಗಿ ಹದಿನಾರು ತುಂಬಿದ, ದೃಢೀಕರಣ ಸಂಸ್ಕಾರ ಪಡೆದ, ನಂಬಿಕೆಗೆ ತಕ್ಕಂತೆ ಬಾಳುವವರಾಗಿರಬೇಕೆಂಬ ನಿಯಮವಿದೆ. ಅದಕ್ಕಿಂತ ಹೆಚ್ಚಾಗಿ, ಮಗುವಿನ ಪರವಾಗಿ ‘ವಿಶ್ವಾಸಿಸುತ್ತೇನೆ’ ಎಂದು ಮೂರು ಸಲ ನೀವೇ ಹೇಳಬೇಕು. ಸೋದರಮಾವನಾಗಿ ಮಾಡಬೇಕಾದದ್ದು ಬೇಕಾದಷ್ಟಿದೆ, ಅದನ್ನು ಮಾಡಿ.

ಜರ್ಮನಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಅರ್ಜಿಯಲ್ಲಿ ಧರ್ಮ ಯಾವುದೆಂದು ಬರೆಯಲಿ?

ಊರಿನಲ್ಲಿ ಯೋಚಿಸದೆ ತುಂಬುವ ಈ ಕಲಮಿಗೆ ಅಲ್ಲಿ ಹಣದ ಲೆಕ್ಕವಿದೆ. ಕ್ಯಾಥೊಲಿಕ್ ಎಂದು ನೋಂದಾಯಿಸಿದರೆ ನಿಮ್ಮ ಆದಾಯ ತೆರಿಗೆಯ ಮೇಲೆ ಬವೇರಿಯ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ಶೇ. 8, ಉಳಿದೆಡೆ ಶೇ. 9ರಷ್ಟು ಚರ್ಚ್ ತೆರಿಗೆ ಮುರಿಯುತ್ತದೆ. ಕಚೇರಿಗೆ ಹೋಗಿ ಚರ್ಚನ್ನು ಬಿಟ್ಟೆನೆಂದು ಬರೆದುಕೊಟ್ಟರೆ ತೆರಿಗೆ ನಿಲ್ಲುತ್ತದೆ. ಆದರೆ ಅಲ್ಲಿನ ಧರ್ಮಾಧ್ಯಕ್ಷರು 2012ರಲ್ಲಿ ಹೊರಡಿಸಿದ ಆದೇಶದಂತೆ ಅಂಥವರಿಗೆ ಸಂಸ್ಕಾರಗಳೂ ನಿಲ್ಲುತ್ತವೆ. ತೆರಿಗೆ ಉಳಿಸಲು ಇಲ್ಲವೆಂದು ಬರೆದು ಕ್ರಿಸ್‌ಮಸ್ಸಿಗೆ ಮುಂದಿನ ಬೆಂಚಿನಲ್ಲಿ ಕೂರುವವರೂ ಇದ್ದಾರೆ, ಏನನ್ನೂ ನಂಬದಿದ್ದರೂ ಚರ್ಚಿನ ಶಿಶುವಿಹಾರ, ವೃದ್ಧಾಶ್ರಮಗಳು ನಡೆಯಲಿ ಎಂದು ಸುಮ್ಮನೆ ತೆರುವವರೂ ಇದ್ದಾರೆ. ಇವರಲ್ಲಿ ತೋರಿಕೆಯವರು ಯಾರೆಂಬುದನ್ನು ನೀವೇ ಹೇಳಿ.

ಕ್ರಿಸ್‌ಮಸ್ಸಿಗೆ ಕೇಕು, ನಕ್ಷತ್ರ, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮಾತ್ರ ಸಾಕು ಎನ್ನುವವರು?

ಅವರ ಪಾಡಿಗೆ ಅವರನ್ನು ಬಿಡಿ. ಗೋದಲಿಗೆ ಹುಲ್ಲು ಹೊದಿಸುವವರು ಯಾರಾದರೇನು.

ಅಮ್ಮನಿಗೆ ಹೇಳಲೇಬೇಕೇ?

ಎಲ್ಲ ಸತ್ಯವನ್ನೂ ಎಲ್ಲರಿಗೂ ಹೇಳಬೇಕೆಂಬ ಕಟ್ಟಳೆಯಿಲ್ಲ. ಕೇಳಿದಾಗ ಸುಳ್ಳು ಹೇಳಬಾರದು, ಅಷ್ಟೆ. ಮೇಲೆ ಹೇಳಿದ ಮೇಷ್ಟ್ರ ಪತ್ನಿ, ಅವರು ವಿಶ್ವಾಸ ಪ್ರಮಾಣದ ಹೊತ್ತಿಗೆ ಬಾಯಿ ಮುಚ್ಚುವುದು ತನಗೆ ಮದುವೆಯಾದ ವರ್ಷದಿಂದಲೂ ಗೊತ್ತೆಂದು ನನ್ನೊಡನೆ ಹೇಳಿದ್ದರು. ಇಬ್ಬರೂ ಅದರ ಬಗ್ಗೆ ಒಂದು ದಿನವೂ ಮಾತನಾಡಿರಲಿಲ್ಲವಂತೆ. ಅಮ್ಮಂದಿರಿಗೂ ಸಾಮಾನ್ಯವಾಗಿ ಗೊತ್ತಿರುತ್ತದೆ.

ನಾಳೆ ಸತ್ತರೆ ಚರ್ಚಿನ ಸಮಾಧಿಭೂಮಿಯಲ್ಲಿ ಜಾಗ ಸಿಗುತ್ತದೆಯೇ?

ವಯಸ್ಸಾದವರು ತಮ್ಮ ಮಕ್ಕಳ ಪರವಾಗಿ ಕೇಳುವ ಪ್ರಶ್ನೆಯಿದು. ಧರ್ಮಸಭೆಯ ಕಾನೂನು ಸಂಹಿತೆಯ 1184ನೇ ನಿಯಮ ಧಾರ್ಮಿಕ ಶವಸಂಸ್ಕಾರವನ್ನು ನಿರಾಕರಿಸುವುದು, ಎಲ್ಲರಿಗೂ ತಿಳಿಯುವಂತೆ ನಂಬಿಕೆಯನ್ನು ತ್ಯಜಿಸಿ, ಸಾಯುವ ಮುನ್ನ ಪಶ್ಚಾತ್ತಾಪದ ಯಾವ ಸೂಚನೆಯನ್ನೂ ಕೊಡದವರಿಗೆ. ಮನಸ್ಸಿನಲ್ಲೇ ಸಂಶಯ ಇಟ್ಟುಕೊಂಡವರು, ಪೂಜೆಗೆ ಬಾರದೆ ಉಳಿದವರು ಆ ಪಟ್ಟಿಯಲ್ಲಿಲ್ಲ. ಅನುಮಾನವಿದ್ದರೆ ಗುರು ಧರ್ಮಾಧ್ಯಕ್ಷರನ್ನು ಕೇಳಿ ಅವರು ಹೇಳಿದಂತೆ ನಡೆದುಕೊಳ್ಳಬೇಕು. ಜಾಗದ ವಿಷಯವಾದರೆ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ನಿಮ್ಮ ಕುಟುಂಬದ ಹೆಸರು ಇದೆಯೇ ಎಂಬುದನ್ನು ಈಗಲೇ ಆಫೀಸಿನಲ್ಲಿ ವಿಚಾರಿಸಿಕೊಳ್ಳಿ. ನಮ್ಮ ಮೇಷ್ಟ್ರನ್ನು ಹೂಳಿದ್ದು ಅಲ್ಲಿಯೇ, ಬೇಲಿಯ ಪಕ್ಕದ ಸಾಲಿನಲ್ಲಿ. ಅಂದು ವಿಶ್ವಾಸ ಪ್ರಮಾಣವನ್ನು ಅವರ ಪತ್ನಿ ಸ್ವಲ್ಪ ಜೋರಾಗಿಯೇ ಹೇಳಿದರು.